ಕೆಟ್ಟ ಕಾಲುಚೀಲಗಳ ಪುಸ್ತಕ

ಕಾಲುಚೀಲದ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಹಿಮ್ಮಡಿಯಮ್ಮ ಎಂದೇ ಕರೆಯುತ್ತಿದ್ದರು. ಕಾಲುಚೀಲದ ಕೊಳವೆ ಹೆಣೆಯುವುದು ದೊಡ್ಡ ಮಾತಲ್ಲ, ಸುತ್ತಿನ ಮೇಲೆ ಸುತ್ತು ಬರುತ್ತಿದ್ದರೆ ಆಯಿತು. ಕಷ್ಟವಿರುವುದೆಲ್ಲ ಹಿಮ್ಮಡಿಯಲ್ಲಿ. ನೆಟ್ಟಗೆ ಇಳಿದುಬಂದ ಕೊಳವೆ ಅಲ್ಲಿ ಮೊಣಕೈಯಂತೆ ಬಾಗಿ ಪಾದದ ಕಡೆ ಹೊರಡಬೇಕು. ಹಿಂಭಾಗದ ಕೋಣೆಯ ಹನ್ನೊಂದು ಹಳೆಯ ಯಂತ್ರಗಳಿಗೆ ಆ ಬಾಗನ್ನು ಬರೆದು ಹೇಳಲು ಈಗ ಬರುತ್ತಿದ್ದದ್ದು ಆಕೆಯೊಬ್ಬಳಿಗೇ.

ಬರೆದು ಹೇಳುವುದೆಂದರೆ ನಿಜವಾಗಿಯೂ ಬರೆಯುವುದೇ. ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಅಂಗೈಯಗಲದ ಪರದೆ, ಹಸಿರು ಅಕ್ಷರ, ಕೆಳಗೆ ಕೀಲಿಮಣೆ. ಮೂವತ್ತೊಂದು ವರ್ಷದ ಹಿಂದೆ ಅದನ್ನು ಕೂರಿಸಿದವನು ಕಾರ್ಖಾನೆಯ ಮೆಕ್ಯಾನಿಕ್. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದ ಆಳು, ಹಾಗಾಗಿ ಉದ್ದಣ್ಣ. ಯಂತ್ರಕ್ಕೆ ಬೇರೆಯವರ ಭಾಷೆ ಕೂರಿಸಿದರೆ ನಮ್ಮವರು ಅದನ್ನು ಕಲಿಯುವುದು ಯಾವ ಕಾಲಕ್ಕೆ ಎಂದು ಅವನು ತಾನೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ. ಇಡೀ ಭಾಷೆಗೆ ಹತ್ತೊಂಬತ್ತೇ ಮಾತು: ಸುತ್ತು, ಅರ್ಧ, ಹೋಗಿಬಾ, ಬಿಡು, ಹಿಡಿ, ನಿಲ್ಲು, ಹೀಗೆ. ಆ ಮಾತುಗಳಲ್ಲಿ ಬರೆದು ಮೊದಲ ಕಾಲುಚೀಲ ಇಳಿಸಿದವಳು ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದ ಹಿಮ್ಮಡಿಯಮ್ಮ. ಉದ್ದಣ್ಣ ಒಂದು ಸಾಲನ್ನೂ ಕಾಗದದ ಮೇಲೆ ಇಟ್ಟಿರಲಿಲ್ಲ. "ನಾನಿದೀನಲ್ಲಕ್ಕಾ" ಎನ್ನುತ್ತಿದ್ದ. ಅವನು ತೀರಿಕೊಂಡು ಎಂಟು ವರ್ಷವಾಗಿತ್ತು.

ಮುಂಭಾಗದ ಹೊಸ ಯಂತ್ರಗಳು ಒಂದೇ ಅಳತೆಯವನ್ನು ಸಾವಿರಗಟ್ಟಲೆ ಉದುರಿಸುತ್ತಿದ್ದವು. ಹಳೆಯವು ಆಸ್ಪತ್ರೆಗೆ ಮೀಸಲು. ಒಂದು ಕಾಲು ಊದಿಕೊಂಡು ಇನ್ನೊಂದು ಸೊರಗಿದವರು, ಬೆರಳು ಕಳೆದುಕೊಂಡವರು, ಪಾದ ತಿರುಚಿಕೊಂಡವರು ಇವರಿಗೆಲ್ಲ ಒಂದೊಂದು ಕಾಲಿಗೂ ಒಂದೊಂದು ಅಳತೆ. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ.

ಒಂದು ಬೆಳಿಗ್ಗೆ ಯಜಮಾನ್ತಿ ಹಿಂಭಾಗದ ಕೋಣೆಗೆ ಬಂದು ಸ್ಟೂಲು ಎಳೆದುಕೊಂಡು ಕೂತಳು. ಅಪ್ಪನ ಕಾಲದಿಂದ ಇದೇ ನೂಲಿನ ಉಂಡೆಗಳ ನಡುವೆ ಆಡಿ ಬೆಳೆದವಳು. ಆಕೆಗೆ ಹಿಮ್ಮಡಿಯಮ್ಮ ದೊಡ್ಡಮ್ಮ.

"ದೊಡ್ಡಮ್ಮಾ, ಕಣ್ಣು ತೋರಿಸಿದ್ರಂತೆ. ಡಾಕ್ಟರು ಏನಂದ್ರು?"

"ಪೊರೆ ಅಂದ್ರು. ಒಂದು ಕಣ್ಣಿಗಂತೂ ಈಗ ನೀನೂ ಕಂಬಾನೂ ಒಂದೇ."

ಯಜಮಾನ್ತಿ ನಗಲಿಲ್ಲ. "ನಿನ್ನೆ ಗುಜರಿಯವನು ಬಂದಿದ್ದ. ಬಾಗಿಲು ಅಳೆದುಕೊಂಡು ಹೋದ, ಯಂತ್ರ ಇಡಿಯಾಗಿ ಹೊರಗೆ ಬರತ್ತೋ ಒಡೀಬೇಕೋ ಅಂತ. ನಂಗೇನು ಖುಷಿ ಇಲ್ಲ. ಆದ್ರೆ ನಿಮ್ಮ ನಂತರ ಇದನ್ನ ಮಾತಾಡಿಸೋರು ಯಾರು?"

"ಕಲಿಸ್ತೀನಿ."

"ಯಾರಿಗೆ ಅಂತ ಕಲಿಸ್ತೀರ? ಕಲಿತೋರು ನಾಳೆ ಬಿಟ್ಟು ಹೋದ್ರೆ ಮತ್ತೆ ಇದೇ ಪಾಡು. ನಂಗೆ ಮನುಷ್ಯರು ಬೇಡ ದೊಡ್ಡಮ್ಮಾ, ಪುಸ್ತಕ ಬೇಕು. ನಲವತ್ತು ದಿನ ಕೊಡ್ತೀನಿ. ನಲವತ್ತನೇ ದಿನ ನಾನು ಯಾರನ್ನೋ ಕರ್ಕೊಂಡು ಬರ್ತೀನಿ. ಅವರು ಪುಸ್ತಕ ನೋಡಿ, ನಿಮ್ಮನ್ನ ಒಂದು ಮಾತೂ ಕೇಳದೆ, ಒಂದು ಜೊತೆ ಇಳಿಸಬೇಕು. ಇಳಿಸಿದ್ರೆ ಯಂತ್ರ ಇರತ್ತೆ. ಇಲ್ದಿದ್ರೆ ಗುಜರಿಯವನಿಗೆ ಹೇಳಿಕಳಿಸ್ತೀನಿ."

ಹಿಮ್ಮಡಿಯಮ್ಮ ಸೂಜಿಗಳ ಮೇಲಿನ ನೂಲಿನ ಧೂಳನ್ನು ಊದಿದಳು. "ಆಗ್ಲಿ" ಎಂದಳು. ಅಷ್ಟೇ.

ಪುಸ್ತಕ ಬರೆಯಬೇಕಾದವಳು ಹಿಮ್ಮಡಿಯಮ್ಮನ ನಾದಿನಿ. ಒಂದೇ ಮನೆಯಲ್ಲಿದ್ದವಳು, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮನೆಯಲ್ಲಿ ಸಕ್ಕರೆ ಡಬ್ಬಿಗೂ ಚೀಟಿ ಅಂಟಿಸುವ ಹೆಂಗಸು. ಹಿಮ್ಮಡಿಯಮ್ಮನಿಗೆ ಕೋಪ ಬಂದಾಗ ಟೀಚರಮ್ಮ, ಉಳಿದಂತೆ 'ನೀನು'.

"ಮೊದಲು ಪೀಠಿಕೆ ಬರೀತೀನಿ ಅತ್ತಿಗೆ. ಹೆಣಿಗೆ ಅನ್ನೋದು ಮಾನವ ಕುಲದಷ್ಟೇ ಹಳೆಯದು ಅಂತ."

"ಮಾನವ ಕುಲ ಹಾಗಿರ್ಲಿ. ಸ್ವಿಚ್ಚು ಎಲ್ಲಿದೆ ಅಂತ ಬರಿ."

ಅತ್ತಿಗೆ ಹೇಳಿದಳು, ನಾದಿನಿ ಬರೆದಳು. ಅತ್ತಿಗೆ "ಆಮೇಲೆ ಗೊತ್ತಲ್ಲ" ಎಂದರೆ ನಾದಿನಿ ಅದನ್ನು ತಿದ್ದಿ "ತದನಂತರ ಎಂದಿನಂತೆ" ಎಂದು ಬರೆದಳು. ಹದಿನೈದನೆಯ ದಿನಕ್ಕೆ ಅರವತ್ತು ಪುಟ ತುಂಬಿತು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

ಪರೀಕ್ಷೆಗೆ ಸಿಕ್ಕಿದವನು ಸರಕು ಸಾಗಿಸುವ ಡ್ರೈವರು. ಲಾರಿ ತುಂಬುವವರೆಗೆ ಅವನಿಗೆ ಮಧ್ಯಾಹ್ನವೆಲ್ಲ ಬಿಡುವು. ನಡುವಯಸ್ಸಿನ ದಪ್ಪ ಬೆರಳಿನ ಮನುಷ್ಯ, ಯಂತ್ರದ ಹತ್ತಿರವೂ ಸುಳಿದವನಲ್ಲ. ಹಿಮ್ಮಡಿಯಮ್ಮ ಗೋಡೆಗೆ ಮುಖ ಮಾಡಿ ಕೂತಳು. ಬಾಯಿ ತಡೆಯುವುದಿಲ್ಲ ಎಂದು ಒಂದು ಮೊಳ ನೂಲನ್ನು ಹಲ್ಲಿನ ನಡುವೆ ಕಚ್ಚಿಕೊಂಡಳು.

ಎರಡು ಗಂಟೆಯ ಮೇಲೆ ಡ್ರೈವರು ಒಂದು ಕಾಲುಚೀಲ ಎತ್ತಿ ಹಿಡಿದ. ಹಿಮ್ಮಡಿ ಮೊಣಕಾಲ ಹತ್ತಿರ ಗೂಡು ಕಟ್ಟಿತ್ತು.

"ಅಮ್ಮಾ, ಇದು ಯಾರ ಕಾಲಿಗೆ? ಕೊಕ್ಕರೆಗಾ?"

ನಾದಿನಿಗೆ ರೇಗಿತು. "ಸರಿಯಾಗಿ ಓದಿದ್ಯೇನಯ್ಯಾ? ಎಂದಿನಂತೆ ಇಳಿಸು ಅಂತ ಬರೆದಿದೀನಲ್ಲ!"

"ನಂಗೆ ಇದು ಎಂದಿನಂತೆ ಅಲ್ವಲ್ಲ ಟೀಚರೇ. ಇವತ್ತೇ ಮೊದಲು."

ಹಿಮ್ಮಡಿಯಮ್ಮ ನೂಲು ಉಗುಳಿ ಗಟ್ಟಿಯಾಗಿ ನಕ್ಕಳು. ಆಮೇಲೆ ಆ ಕಾಲುಚೀಲವನ್ನು ಬೆರಳಿನಿಂದ ತಡವಿದಳು. "ಇಂಥದ್ದು ನಾನೂ ಇಳಿಸಿದ್ದೆ" ಎಂದು ತನ್ನಷ್ಟಕ್ಕೇ ಅಂದುಕೊಂಡು ಎದ್ದು ಹೋಗಿ ಮೆಟ್ಟಿಲ ಕೆಳಗಿನಿಂದ ಒಂದು ಗೋಣಿಮೂಟೆ ಎಳೆದು ತಂದಳು.

ಅದರ ತುಂಬ ಕೆಟ್ಟ ಕಾಲುಚೀಲಗಳು. ಮೂವತ್ತೊಂದು ವರ್ಷದಲ್ಲಿ ಆಕೆಯ ಕೈಯಲ್ಲಿ ಹಾಳಾದವೆಲ್ಲ ಅಲ್ಲಿದ್ದವು. ಬಿಸಾಡಲು ಮನಸ್ಸು ಬಾರದೆ ತುರುಕಿಟ್ಟಿದ್ದವು. ಒಂದೊಂದನ್ನೇ ಹೊರಗೆಳೆದು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದಳು. "ಇದು 'ಅರ್ಧ' ಬರೆಯೋದು ಮರೆತಿದ್ದು, ಅದಕ್ಕೆ ಎರಡೂ ಕಡೆ ಹಿಮ್ಮಡಿ ಬಂದಿದೆ. ಇದರಲ್ಲಿ ಒಂದು ಸೂಜಿ ಬಿಟ್ಟೆ, ಮತ್ತೆ ಹಿಡೀಲಿಲ್ಲ, ನೋಡು ಏಣಿ ಥರ ಒಂದು ಗೆರೆ ಓಡಿದೆ. ಇದು ನನ್ನ ಮಗಳಿಗೆ ಜ್ವರ ಬಂದ ದಿನದ್ದು, ನಲವತ್ತು ಸುತ್ತು ಅನ್ನೋ ಕಡೆ ನಾನೂರು ಬರೆದಿದ್ದೆ."

ಅದು ನಿಜಕ್ಕೂ ಬಾಗಿಲವರೆಗೆ ಬಿಚ್ಚಿಕೊಂಡಿತು. ಡ್ರೈವರು ಅದನ್ನು ಮಫ್ಲರಿನಂತೆ ಕತ್ತಿಗೆ ಸುತ್ತಿಕೊಂಡ.

"ಸರಿಯಾದದ್ದು ಹೇಗೆ ಅಂತ ಮಾತ್ರ ಬರೆದ್ವಿ" ಎಂದಳು ಹಿಮ್ಮಡಿಯಮ್ಮ. "ನಾನು ಕಲಿತಿದ್ದು ಹಾಗಲ್ಲ. ಇವುಗಳಿಂದ ಕಲಿತಿದ್ದು. ಎಲ್ಲಾ ಮೊದಲಿಂದ ಬರಿ."

"ಮೊದಲಿಂದಾನಾ? ಅರವತ್ತು ಪುಟ ಅತ್ತಿಗೆ! ನನ್ನ ಬೆರಳು ಬಿದ್ದು ಹೋಗತ್ತೆ."

"ಬಿದ್ರೆ ಎತ್ತಿಡ್ತೀನಿ. ಬರಿ."

ಮೊದಲಿಂದ ಬರೆದರು. ಎಡಪುಟದಲ್ಲಿ ಯಂತ್ರಕ್ಕೆ ಏನು ಬರೆಯಬೇಕೆಂದು, ಬಲಪುಟದಲ್ಲಿ ಅದು ತಪ್ಪಿದರೆ ಏನು ಇಳಿಯುತ್ತದೆಂದು. ಬರೀ ಮಾತಲ್ಲ, ಆ ಕೆಟ್ಟ ಕಾಲುಚೀಲದ ತುಂಡನ್ನೇ ಕತ್ತರಿಸಿ ಪುಟಕ್ಕೆ ಹೊಲಿದರು. ಪುಸ್ತಕ ದಿಂಬಿನಂತೆ ಉಬ್ಬಿತು. ಡ್ರೈವರು ಪ್ರತಿ ಮಧ್ಯಾಹ್ನ ಬಂದು ಓದಿ ಹೆಣೆದ, ಎಡವಿದಲ್ಲೆಲ್ಲ ಹೊಸ ಸಾಲು ಸೇರಿತು. ಹಿಮ್ಮಡಿಯ ಪುಟ ಒಂದನ್ನೇ ಏಳು ಸಲ ಬರೆದರು. ಕೊನೆಗೆ ಉಳಿದದ್ದು ಇಷ್ಟು: 'ಅರ್ಧ ಎಂದು ಬರೆ. ಈಗ ಅರ್ಧ ಸೂಜಿಗಳು ಮಾತ್ರ ಕೆಲಸ ಮಾಡುತ್ತವೆ. ಹದಿನಾಲ್ಕು ಸಲ ಹೋಗಿಬಾ, ಸಲಕ್ಕೊಂದು ಸೂಜಿ ಬಿಡು. ಮತ್ತೆ ಹದಿನಾಲ್ಕು ಸಲ ಹೋಗಿಬಾ, ಸಲಕ್ಕೊಂದು ಹಿಡಿ. ಎಷ್ಟು ಬಿಟ್ಟೆಯೋ ಅಷ್ಟನ್ನೂ ಹಿಡಿಯಬೇಕು.'

ಮೂವತ್ತಾರನೆಯ ದಿನ ಡ್ರೈವರಿನ ಕೈಯಲ್ಲಿ ಸಲೀಸಾಗಿ ಒಂದು ಜೊತೆ ಇಳಿಯಿತು. ನಾದಿನಿ ಪೆನ್ನಿನ ಮುಚ್ಚಳ ಹಾಕಿದಳು. ಹಿಮ್ಮಡಿಯಮ್ಮ ಎರಡನ್ನೂ ಜೋಡಿಸಿ ಹಿಡಿದು ಹೆಬ್ಬೆರಳಿನಿಂದ ಅಂಚು ನೋಡಿದಳು. ಮುಖದ ನಗು ಅಲ್ಲೇ ನಿಂತಿತು.

"ಎರಡನೇದು ಉದ್ದ. ಎರಡು ಸುತ್ತು ಜಾಸ್ತಿ."

"ಪುಸ್ತಕದಲ್ಲಿ ಇದ್ದಂಗೇ ಮಾಡಿದೀನಮ್ಮಾ. ಎರಡನೇ ಕಾಲಿಗೆ ಎರಡು ಸುತ್ತು ಸೇರಿಸು ಅಂತಿದೆ, ಸೇರಿಸಿದೀನಿ."

"ಮೊದಲನೇದರ ಕೊನೇಲಿ 'ನಿಲ್ಲು' ಎಷ್ಟು ಸಲ ಬರೆದೆ?"

ಡ್ರೈವರು ಪರದೆ ನೋಡಿ ನಾಲಿಗೆ ಕಚ್ಚಿಕೊಂಡ. "ಒಂದೇ. ಎರಡು ಸಲ ಬರೀಬೇಕಿತ್ತು, ಮರೆತೆ."

ಒಂದೇ ಬರೆದರೆ ಯಂತ್ರ ನಿಲ್ಲುವುದಿಲ್ಲ ಎಂಬುದು ಹಿಮ್ಮಡಿಯಮ್ಮ ಮೂವತ್ತೊಂದು ವರ್ಷ ನಂಬಿದ್ದ ನಿಯಮ. ಆದರೆ ಯಂತ್ರ ನಿಂತಿತ್ತು. ಎರಡನೆಯ ಕಾಲುಚೀಲ ಯಾವಾಗಲೂ ಎರಡು ಸುತ್ತು ಗಿಡ್ಡ ಬರುತ್ತದೆ, ಸೇರಿಸಿಯೇ ಬರೆಯಬೇಕು ಎಂಬುದು ಇನ್ನೊಂದು ನಿಯಮ. ಅದೂ ಸುಳ್ಳಾಗಿ ಕೈಯಲ್ಲಿ ನೇತಾಡುತ್ತಿತ್ತು.

ಆಕೆ ಸ್ಟೂಲಿನ ಮೇಲೆ ಕೂತಳು. ನೆನಪು ಹಿಂದಕ್ಕೆ ಹೋಯಿತು, ಬಹಳ ಹಿಂದಕ್ಕೆ. ಮೊದಲ ವರ್ಷದ ಚಳಿಗಾಲ. ಕೀಲಿಮಣೆಯ ಗುಂಡಿಗಳು ಬಿಗಿದುಕೊಂಡು 'ನಿಲ್ಲು' ಒಮ್ಮೊಮ್ಮೆ ಮೂಡುತ್ತಲೇ ಇರಲಿಲ್ಲ. ಯಾವುದಕ್ಕೂ ಇರಲಿ ಎಂದು ಆಕೆ ಎರಡು ಸಲ ಬರೆಯತೊಡಗಿದಳು. ಬೇಸಿಗೆಗೆ ಉದ್ದಣ್ಣ ಹೊಸ ಕೀಲಿಮಣೆ ತಂದು ಹಾಕಿದ. ಆಕೆಯ ಕೈ ಮಾತ್ರ ಹಳೆಯದೇ ಉಳಿಯಿತು. ಒಮ್ಮೆ ಅವನು ಬೆನ್ನ ಹಿಂದೆ ನಿಂತು ಕೇಳಿದ್ದ: "ಒಂದು ಸಾಕಲ್ವಾ ಅಕ್ಕಾ?" ಆಕೆ ತಿರುಗಿಯೂ ನೋಡದೆ, "ನಿಂಗೆ ಯಂತ್ರ ಗೊತ್ತು, ನಂಗೆ ಕಾಲುಚೀಲ ಗೊತ್ತು, ಹೋಗು" ಎಂದಿದ್ದಳು. ಅವನು ನಕ್ಕು ಹೋಗಿದ್ದ. ಇಷ್ಟು ವರ್ಷದ ಮೇಲೆ ಆ ನಗು ಈಗ ಕಿವಿಗೆ ಬಿತ್ತು.

"ತಮ್ಮಾ, ಇನ್ನೊಂದು ಜೊತೆ ಇಳಿಸು. 'ನಿಲ್ಲು' ಒಂದೇ ಸಲ. ಸುತ್ತೂ ಸೇರಿಸಬೇಡ."

ಇಳಿದ ಜೊತೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಎರಡನೆಯ 'ನಿಲ್ಲು' ನಿಲ್ಲಿಸಲು ಏನೂ ಸಿಗದೆ ಮುಂದಿನ ಕಾಲುಚೀಲದ ಮೊದಲ ಎರಡು ಸುತ್ತನ್ನು ನುಂಗುತ್ತಿತ್ತು. ಆಕೆ ಅದನ್ನು ಸೇರಿಸಿ ಸರಿದೂಗಿಸುತ್ತಿದ್ದಳು. ತಪ್ಪೂ ಆಕೆಯದೇ, ಅದಕ್ಕೆ ಹಾಕಿದ ತೇಪೆಯೂ ಆಕೆಯದೇ. ಆ ತೇಪೆಯನ್ನೇ ಭಾಷೆ ಎಂದು ಕಲಿತು ಹೋದವರು ಎಷ್ಟು ಜನವೋ.

ನಾದಿನಿ ಮೆಲ್ಲನೆ ಪುಟ ಎಣಿಸಿದಳು. "ಇಪ್ಪತ್ತೇಳು ಪುಟದಲ್ಲಿದೆ ಅತ್ತಿಗೆ. ಉಳಿದಿರೋದು ನಾಲ್ಕೇ ದಿನ. ಇದ್ದ ಹಾಗೆ ಇರ್ಲಿ ಬಿಡಿ. ಎರಡು ಸಲ ಬರೆದು ಎರಡು ಸುತ್ತು ಸೇರಿಸಿದ್ರೂ ಜೊತೆ ಸರಿಯಾಗೇ ಬರತ್ತಲ್ಲ? ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ."

"ನಿಮ್ಮ ಮರ್ಯಾದೆ ಪ್ರಶ್ನೆ ಅತ್ತಿಗೆ. ಹಿಮ್ಮಡಿಯಮ್ಮನಿಗೇ ಗೊತ್ತಿರ್ಲಿಲ್ಲ ಅಂತ ಯಜಮಾನ್ತಿ ಓದಿದ್ರೆ ಇಡೀ ಪುಸ್ತಕಾನೇ ನಂಬಲ್ಲ."

ಆ ಮಾತು ಹಿಮ್ಮಡಿಯಮ್ಮನ ಎದೆಗೆ ನಾಟದೆ ಇರಲಿಲ್ಲ. ಆಮೇಲೆ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನೋಡು, ನನ್ನ ಕೈಯ ಚಾಳೀನ ಭಾಷೆ ಅಂತ ಬರೆದಿಟ್ರೆ ನಾಳೆ ಕಲಿಯೋಳು ಯಂತ್ರಾನ ಕಲಿಯಲ್ಲ, ನನ್ನ ಕಲೀತಾಳೆ. ನಾನು ಎಷ್ಟು ದಿನ ಇರ್ತೀನಿ? ಹರಿ ಆ ಇಪ್ಪತ್ತೇಳು ಪುಟ. ಇನ್ನೂ ಒಂದು ಕೆಲಸ ಇದೆ. ನಾನು ಹೇಳಿರೋ ಒಂದೊಂದನ್ನೂ ಬಿಟ್ಟು ನೋಡೋಣ. ಬಿಟ್ಟರೆ ಏನಾದ್ರೂ ಕೆಟ್ಟರೆ ಮಾತ್ರ ಅದು ಪುಸ್ತಕದಲ್ಲಿ ಇರ್ಲಿ."

ಆ ನಾಲ್ಕು ದಿನ ಮೂವರೂ ಎದ್ದು ಓಡಾಡಿದ್ದಕ್ಕಿಂತ ಯಂತ್ರದ ಮುಂದೆ ಬಗ್ಗಿದ್ದೇ ಹೆಚ್ಚು. ಶುರು ಮಾಡುವ ಮುಂಚೆ ಪೆಟ್ಟಿಗೆಯನ್ನು ಮೂರು ಸಲ ತಟ್ಟಬೇಕು ಎಂಬುದನ್ನು ಬಿಟ್ಟು ನೋಡಿದರು, ಏನೂ ಆಗಲಿಲ್ಲ. ಡ್ರೈವರು ಪೆಟ್ಟಿಗೆಯ ಕ್ಷಮೆ ಕೇಳಿದ. ನೂಲಿನ ಉಂಡೆ ಎಡಕ್ಕೇ ಇರಬೇಕು ಎಂಬುದನ್ನು ಬಿಟ್ಟು ನೋಡಿದರು, ಐದೇ ನಿಮಿಷಕ್ಕೆ ನೂಲು ಪಟ್ಟನೆ ಹರಿಯಿತು. "ಅದು ನಿಜ!" ಎಂದು ಹಿಮ್ಮಡಿಯಮ್ಮ ಲಾಟರಿ ಹೊಡೆದವಳಂತೆ ತೊಡೆ ತಟ್ಟಿದಳು. ಇನ್ನೊಂದಿತ್ತು: ಜೊತೆಗೊಮ್ಮೆ ಸ್ವಿಚ್ಚು ಒತ್ತಿ ಯಂತ್ರ ಆರಿಸಬೇಕು, ಅದಕ್ಕೂ ಉಸಿರಾಡಲು ಬಿಡಬೇಕು. ಆರಿಸದೆ ಮುಂದುವರಿಸಿದರೆ ಮೂರನೆಯದು ಗಿಡ್ಡವಾಗುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆರಿಸಿದರೆ ಎಣ್ಣೆ ಬಿಸಿಯಾಗಿ ಮತ್ತೆ ಹೊರಡಲು ಹತ್ತು ನಿಮಿಷ. ಈಗ ಒಂದೇ 'ನಿಲ್ಲು' ಬರೆದು ಆರಿಸದೆ ಬಿಟ್ಟರು. ಮೂರನೆಯದು ಸರಿ ಇಳಿಯಿತು. ನಾಲ್ಕನೆಯದು, ಐದನೆಯದು. ಯಂತ್ರಕ್ಕೆ ಉಸಿರು ಕಟ್ಟಲೇ ಇಲ್ಲ.

ಡ್ರೈವರು ಬೆರಳು ಮಡಚಿ ಲೆಕ್ಕ ಹಾಕಿ ಬಾಯಿ ತೆರೆಯುವಷ್ಟರಲ್ಲಿ ಹಿಮ್ಮಡಿಯಮ್ಮ ಕೈ ಎತ್ತಿದಳು. "ಹೇಳಬೇಡ ತಮ್ಮಾ. ಮೂವತ್ತೊಂದು ವರ್ಷದ ಹತ್ತು ನಿಮಿಷಗಳು. ನಂಗೂ ಲೆಕ್ಕ ಬರತ್ತೆ."

ಆಮೇಲೆ ನಾದಿನಿಯ ಕೈಯಿಂದ ಪೆನ್ನು ತೆಗೆದುಕೊಂಡು, 'ನಿಲ್ಲು' ಎಂಬ ಮಾತಿನ ಬಲಪುಟದಲ್ಲಿ, ದಪ್ಪ ವಕ್ರ ಅಕ್ಷರದಲ್ಲಿ ತಾನೇ ಬರೆದಳು: 'ಇದನ್ನು ಒಂದೇ ಸಲ ಬರೆಯಬೇಕು. ಆಗ ಜೊತೆಗೊಮ್ಮೆ ಯಂತ್ರ ಆರಿಸುವುದೂ ಬೇಡ. ಎರಡು ಸಲ ಅಂತ ಎಲ್ಲರಿಗೂ ತಪ್ಪು ಹೇಳಿಕೊಟ್ಟವಳು ನಾನು. ಉದ್ದಣ್ಣ ಹೇಳಿದ್ದ, ಕೇಳಲಿಲ್ಲ.'

ನಲವತ್ತನೆಯ ದಿನ ಯಜಮಾನ್ತಿ ಕರೆದುಕೊಂಡು ಬಂದದ್ದು ಆಸ್ಪತ್ರೆಯಲ್ಲಿ ಕಾಲಿನ ಅಳತೆ ತೆಗೆಯುವ ನರ್ಸನ್ನು. ಕಂಪ್ಯೂಟರು ಎಂದರೆ ಹಾಜರಿ ಒತ್ತುವುದಷ್ಟೇ ಗೊತ್ತಿದ್ದ ಹೆಂಗಸು. ಕೈಯಲ್ಲಿ ಒಂದು ಅಳತೆಯ ಚೀಟಿ, ಎಡಗಾಲು ಊದಿಕೊಂಡ ಒಬ್ಬ ಮುದುಕರದ್ದು.

ಹಿಮ್ಮಡಿಯಮ್ಮ ಗೋಡೆಯ ಕಡೆ ತಿರುಗಿ ನೂಲು ಕಚ್ಚಿ ಕೂತಳು. ಹಿಂದೆ ಪುಟ ಮಗುಚುವ ಸದ್ದು, ಕೀಲಿಮಣೆಯ ಟಕಟಕ. ಆಮೇಲೆ ಯಂತ್ರ ಹೊರಟಿತು. ಬಲಗಾಲಿನದು ಇಳಿದಾಗ ಸೂಜಿಗಳ ಸದ್ದಿನಲ್ಲೇ ಅದು ಸರಿ ಇದೆ ಎಂದು ಆಕೆಗೆ ತಿಳಿಯಿತು. ಎಡಗಾಲಿನ ಹಿಮ್ಮಡಿಗೆ ಬಂದಾಗ ಸದ್ದು ಕೆಟ್ಟಿತು. ಹದಿನೆಂಟು ಸಲ ಬಿಡುವ ಸದ್ದು ಕೇಳಿಸಿತು. ಊದಿದ ಕಾಲಲ್ಲವೇ, ಹಿಮ್ಮಡಿ ಅಗಲ ಬೇಕು, ಪುಸ್ತಕದ ಅಳತೆಯ ಪುಟದಲ್ಲೂ ಹಾಗೇ ಇತ್ತು, ಸರಿಯೇ. ಆದರೆ ಹಿಡಿಯುವ ಸದ್ದು ಹದಿನಾಲ್ಕಕ್ಕೇ ನಿಂತಿತು. ಆಕೆಯ ಹಲ್ಲು ನೂಲಿನ ಮೇಲೆ ಬಿಗಿಯಿತು.

"ಅಯ್ಯೋ, ಇದೇನಿದು ಮುದುಡಿಕೊಂಡಿದೆ?" ಎಂದಳು ನರ್ಸು.

ಡ್ರೈವರು ಗಂಟಲು ಸರಿಮಾಡಿಕೊಂಡ. ನಾದಿನಿ ಅವನ ತೋಳು ಜಿಗುಟಿದಳು. ಈ ತಪ್ಪು ಪುಸ್ತಕದಲ್ಲಿ ಇರಲಿಲ್ಲ. ಹಿಮ್ಮಡಿಯಮ್ಮ ಹದಿನೆಂಟರ ಹಿಮ್ಮಡಿಯಲ್ಲಿ ಯಾವತ್ತೂ ಎಡವಿರಲಿಲ್ಲ, ಹಾಗಾಗಿ ಮೂಟೆಯಲ್ಲಿ ಅಂಥದ್ದೊಂದು ಇರಲೇ ಇಲ್ಲ. ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯಿತು. ಯಜಮಾನ್ತಿ ಗಡಿಯಾರ ನೋಡಿದಳು.

ನರ್ಸು ಪುಟ ಮಗುಚಿದಳು. ಒಂದು ಪುಟದಲ್ಲಿ ಕೈ ನಿಂತಿತು. ಹೊಲಿದಿದ್ದ ತುಂಡಿನ ಮೇಲೆ ಬೆರಳಾಡಿಸಿ, ತನ್ನ ಕೈಲಿದ್ದ ಕಾಲುಚೀಲದ ಮೇಲೆ ಬೆರಳಾಡಿಸಿದಳು.

"ತಡೀರಿ. ಒಂದು ಸೂಜಿ ಬಿಟ್ಟು ಹಿಡಿಯೋದು ಮರೆತ್ರೆ ಏಣಿ ಥರ ಒಂದು ಗೆರೆ ಅಂತ ಇಲ್ಲಿದೆ. ನಂದರಲ್ಲಿ ಒಂದಲ್ಲ..." ಎಣಿಸಿದಳು. "ನಾಲ್ಕು ಗೆರೆ. ಅಂದ್ರೆ ನಾಲ್ಕು ಹಿಡೀಲಿಲ್ಲ. ಬಿಟ್ಟಿದ್ದು ಹದಿನೆಂಟು, ಹಿಡಿದಿದ್ದು..." ಪರದೆಗೆ ಬಗ್ಗಿದಳು. "ಹದಿನಾಲ್ಕು! ಪುಸ್ತಕದಲ್ಲಿದ್ದ ಅಂಕೀನೇ ನೋಡ್ಕೊಂಡು ಬರೆದುಬಿಟ್ಟೆ. ಎಷ್ಟು ಬಿಟ್ಟೆಯೋ ಅಷ್ಟನ್ನೂ ಅಂತ ಕೆಳಗೇ ಬರೆದಿದಾರೆ ಪಾಪ."

ಟಕಟಕ ಮತ್ತೆ ಶುರುವಾಯಿತು. ಗೋಡೆಯ ಕಡೆ ಕೂತ ಹಿಮ್ಮಡಿಯಮ್ಮ ಬೆರಳಲ್ಲಿ ಎಣಿಸಿದಳು. ಬಿಡು ಹದಿನೆಂಟು. ಹಿಡಿ ಹದಿನೈದು, ಹದಿನಾರು, ಹದಿನೇಳು, ಹದಿನೆಂಟು.

ಎಡಗಾಲಿನದು ಇಳಿಯಿತು. ಯಂತ್ರ ಮಾತ್ರ ನಿಲ್ಲದೆ ಇನ್ನೊಂದಕ್ಕೆ ಹೊರಟಿತು.

"ಜೊತೆ ಆಯ್ತಲ್ಲ, ಆರಿಸಿ" ಎಂದಳು ಯಜಮಾನ್ತಿ. "ಇದಕ್ಕೆ ಉಸಿರು ಬೇಕು. ನಾನು ಸಣ್ಣವಳಿದ್ದಾಗಿಂದ ಕೇಳಿದೀನಿ."

"ಬೇಡವಂತೆ, ಪುಸ್ತಕದಲ್ಲಿದೆ. ಊದಿದ ಕಾಲಿನದು ಬೇಗ ಸವೀತದೆ, ಅದಕ್ಕೆ ಇನ್ನೊಂದು ಹೆಚ್ಚಿಗೆ ಇಳಿಸ್ತಿದೀನಿ. ಮುಂಚೆ ಯಾರೋ ತಪ್ಪು ಹೇಳಿಕೊಟ್ಟಿದ್ರಂತೆ."

ಯಜಮಾನ್ತಿ ಆ ಪುಟ ಓದಿದಳು. ವಕ್ರ ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. ಬಂದು ಹಿಮ್ಮಡಿಯಮ್ಮನ ಪಕ್ಕ ನಿಂತಳು.

"ಈ ಯಂತ್ರ ಬಹಳ ನಿಧಾನ ಅಂತ ನಮ್ಮಪ್ಪ ಸಾಯೋವರೆಗೂ ಬೈಕೊಂಡ್ರು ದೊಡ್ಡಮ್ಮಾ."

ಹಿಮ್ಮಡಿಯಮ್ಮ ನೂಲನ್ನು ಬಾಯಿಂದ ತೆಗೆದಳು. "ಬೈಬೇಕಾಗಿದ್ದು ನನ್ನ."

ಯಜಮಾನ್ತಿ ಬಾಗಿಲ ಹತ್ತಿರ ಹೋಗಿ ಫೋನು ತೆಗೆದು, ಗುಜರಿಯವನಿಗೆ ಬರಬೇಡ ಎಂದು ಎರಡೇ ಮಾತಿನಲ್ಲಿ ಹೇಳಿದಳು. ಡ್ರೈವರು ನಾನೂರು ಸುತ್ತಿನ ಮಫ್ಲರನ್ನು ಗಾಳಿಗೆ ಹಾರಿಸಿದ. ನಾದಿನಿ "ಮಂಗನ ಹಾಗೆ ಕುಣೀಬೇಡ" ಎಂದು ಗದರಿ ತನ್ನ ಕಣ್ಣೊರೆಸಿಕೊಂಡಳು.

ಹಿಮ್ಮಡಿಯಮ್ಮ ಮಾತ್ರ ನರ್ಸಿನ ಮುಂದೆ ಕೈ ಚಾಚಿ ನಿಂತಿದ್ದಳು.

"ಅದನ್ನ ಕೊಡಮ್ಮ."

"ಯಾವುದು? ಜೊತೇನಾ?"

"ಜೊತೆ ಮುದುಕರಿಗೆ ಕೊಡು. ನಂಗೆ ಆ ಕೆಟ್ಟಿದ್ದು ಕೊಡು, ನಾಲ್ಕು ಗೆರೆಯದು. ಅದು ನನ್ನ ಮೂಟೇಲಿ ಇಲ್ಲ."

ಹಿಮ್ಮಡಿಯ ಬಲಪುಟದಲ್ಲಿ ಇನ್ನೂ ಒಂದು ಅಂಗೈಯಷ್ಟು ಜಾಗವಿತ್ತು. ಅಲ್ಲಿಗೆ ಸರಿಯಾಗಿ ತುಂಡು ಕತ್ತರಿಸಿಟ್ಟು ಆಕೆ ಸೂಜಿ ತೆಗೆದಳು. ಬೆಳಗಿನಿಂದ ಕಚ್ಚಿಕೊಂಡಿದ್ದ ನೂಲು ಕೈಯಲ್ಲೇ ಇತ್ತು. ತುದಿ ಒದ್ದೆಯಾಗಿ ಚೂಪಾಗಿತ್ತು. ನಾದಿನಿ ಸೂಜಿಯನ್ನು ಬೆಳಕಿಗೆ ಹಿಡಿದಳು. "ಸ್ವಲ್ಪ ಎಡಕ್ಕೆ ಅತ್ತಿಗೆ... ಹ್ಞಾಂ, ಈಗ ಹಾಕಿ." ನೂಲು ಒಂದೇ ಸಲಕ್ಕೆ ಕಣ್ಣು ದಾಟಿತು.